ಬೇಸಿಗೆಯ ಕೊನೆಯ ನೀರು

ಬೆಳೆಯುವ ಕಾಲಕ್ಕಿಂತ ಕಾಯುವ ಕಾಲವೇ ರೈತನ ಮನಸ್ಸನ್ನು ಹೆಚ್ಚು ಪರೀಕ್ಷಿಸುತ್ತದೆ. ವಿಜಯಪುರದ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ ಸೀಮೆಗಳಲ್ಲಿ ವೈಶಾಖದ ಕೊನೆಯಿಂದ ಮುಂಗಾರು ನೆಲೆಗೊಳ್ಳುವವರೆಗಿನ ದಿನಗಳು ಅಂಥವು. ಇಲ್ಲಿ ದ್ರಾಕ್ಷಿಯ ತೋಟಗಳ ನಡುವೆ ಒಂದೆರಡು ಎಕರೆಯಲ್ಲಿ ಕಾಯಿಪಲ್ಯ ಬೆಳೆದು ಪೇಟೆಗೆ ಒಯ್ಯುವ ಕುಟುಂಬಗಳೂ ಇವೆ.

ಅಂಥ ಒಂದು ಕುಟುಂಬದ ಬಾವಿಯಲ್ಲಿ ಒಂದು ಬೇಸಿಗೆಯ ಕೊನೆಗೆ ರಾತ್ರಿಯೆಲ್ಲ ಒಸರಿದ ನೀರು ಬೆಳಿಗ್ಗೆ ಒಂದು ಗಂಟೆ ಪಂಪು ನಡೆಸುವಷ್ಟೇ ಆಗುತ್ತಿತ್ತು. ಹೀರೆಯ ಬಳ್ಳಿ ಆಗಲೇ ಒಣಗಿತ್ತು. ಮಧ್ಯಾಹ್ನಕ್ಕೆ ಬದನೆಯ ಎಲೆಗಳು ಜೋಲುತ್ತಿದ್ದವು. ಮಳೆಗಾಲದಲ್ಲಿ ನಾಟಿ ಮಾಡಬೇಕಾದ ಮೆಣಸಿನ ಅಗಿಗೆ ನೀರು ಬೇಕು. ಬಿಸಿಲುಗಾಲದಲ್ಲಿ ಒಳ್ಳೆಯ ಬೆಲೆ ತರುವ ಕೊತ್ತಂಬರಿಗೂ ಬೇಕು. ಮಕ್ಕಳ ಶಾಲೆಯ ಖರ್ಚಿಗೆ ಆ ಕೊತ್ತಂಬರಿಯನ್ನೇ ನಂಬಲಾಗಿತ್ತು. ಅದೇ ವಾರ ನೆರೆಯವರ ಬಾವಿ ಬತ್ತಿತು. ಅವರ ಎತ್ತುಗಳು ಒಡ್ಡಿನಾಚೆ ಬಂದು ನಿಂತವು.

ಯಜಮಾನನು ಯೋಚಿಸುತ್ತ ನಿಂತಾಗ ಮನೆಯಾಕೆ, “ಕೊತ್ತಂಬರಿ ಒಣಗಿದ್ರ ಮತ್ತ ಬಿತ್ತಬಹುದು. ದನ ನೀರಿಗೆ ಬಾಯಿ ಬಿಡೂದು ನೋಡಾಕ ಆಗೂದಿಲ್ರಿ” ಎಂದಳು. ಅಗಿಗೆ ಕೊಡದಿಂದ ಲೆಕ್ಕಹಾಕಿ ನೀರುಣಿಸಿ, ಬದನೆಗೆ ಒಂದಿಷ್ಟು ಹಾಯಿಸಿ, ಉಳಿದುದನ್ನು ಕಲ್ಲುಬಾನಿಗೆ ತುಂಬಿಸಿದರು. ಕೊತ್ತಂಬರಿಯ ಮಡಿ ಒಣಗಿತು. ಶಾಲೆಯ ಖರ್ಚಿಗೆ ಕೈಗಡ ಮಾಡಬೇಕಾಯಿತು.

ಇದನ್ನು ಕೇವಲ ದಯೆಯೆಂದು ಕರೆದರೆ ಸಾಲದು. ಹೊಲಗಳ ನಡುವೆ ಒಡ್ಡಿನ ಗುರುತುಂಟು. ಆದರೆ ಕೆಳಗೆ ಕಪ್ಪುಶಿಲೆಯ ಬಿರುಕುಗಳಲ್ಲಿ ಸರಿಯುವ ನೀರಿಗೆ ಆ ಗುರುತಿಲ್ಲ. ಒಬ್ಬನು ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಮತ್ತೊಬ್ಬನ ಬಾವಿ ಬತ್ತಬಹುದು. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೊನ್ನು, ಮನೆ, ಹೊಲಗಳಿಗೆ ಅನ್ವಯಿಸುವ ಶ್ರಾವಕನು ನೀರಿಗೂ ಒಂದು ಮಿತಿಯನ್ನು ಹಾಕಿಕೊಳ್ಳುವುದು ಇಂದಿನ ಅಗತ್ಯವಾಗಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳು ಕೃಷ್ಣೆಯ ನೀರನ್ನು ಈ ಎತ್ತರದ ನೆಲಕ್ಕೆ ತರುತ್ತಿರುವುದು ನಿಜ. ಆದರೆ ನೀರು ಬಂದಷ್ಟೂ ಆಸೆ ಬೆಳೆದರೆ ಕೊರತೆ ತೀರುವುದೆಂತು?

ಮೇ ಕೊನೆಯಲ್ಲಿ ರೋಹಿಣಿ ಮಳೆ ಒಂದು ಸಂಜೆ ಬಿದ್ದರೆ ಸಾಕು, ಎರೆಮಣ್ಣು ಗಮಗಮಿಸುತ್ತದೆ. ಬಾವಿಯ ತಳವನ್ನೆಲ್ಲ ಬರಿದುಮಾಡಿ ನಾಟಿಗೆ ತೊಡಗುವ ಉತ್ಸಾಹ ಏಳುತ್ತದೆ. ಈ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಬರುವ ತಿಂಗಳು ಸೆಪ್ಟೆಂಬರ್. ಮೊದಲ ಮಳೆಯಾದ ಮೇಲೆ ವಾರಗಟ್ಟಲೆ ಬರಿಯ ಗಾಳಿ ಬೀಸುವುದುಂಟು. ಆ ಕುಟುಂಬವು ಮಿರಗದ ಮಳೆಯನ್ನೂ ನೋಡಿ, ಮಳೆ ಕೈಕೊಟ್ಟರೂ ಬಾವಿ ಕಾಯಬಲ್ಲಷ್ಟೇ ಅಗಿಯನ್ನು ನೆಟ್ಟು, ಮಿಕ್ಕುದನ್ನು ನೆರೆಯವರಿಗೆ ಕೊಟ್ಟಿತು. ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತ ಆ ಎತ್ತುಗಳು ಮರುವಾರ ಎರಡೂ ಹೊಲಗಳಲ್ಲಿ ಕುಂಟೆ ಎಳೆದವು.

ಪೇಟೆಯಲ್ಲಿ ಬೇಸಿಗೆಯ ಕೊತ್ತಂಬರಿ ತುಟ್ಟಿಯೆಂದು ಬೇಸರಪಡುವ ಗೃಹಸ್ಥರು, ಆ ಒಂದು ಕಟ್ಟು ಯಾರ ಬಾವಿಯ ನೀರಿನಿಂದ ಬೆಳೆಯಿತೆಂಬುದನ್ನು ಒಮ್ಮೆ ಆಲೋಚಿಸುವುದು ಒಳಿತು.