ಮೇಲಂತಸ್ತಿನ ಕೋಣೆ

ಮಳವಳ್ಳಿಯನ್ನು ದಾಟಿ ಶಿವನಸಮುದ್ರದ ಕಡೆಗೆ ಹೊರಟ ಪ್ರವಾಸಿಗರಿಗೆ ಬೆಳಕವಾಡಿ ಹಾದುಹೋಗುವ ಊರೇ ಹೊರತು ಇಳಿಯುವ ಊರಲ್ಲ. ಅವರ ಮನಸ್ಸೆಲ್ಲ ಗಗನಚುಕ್ಕಿಯ ಭೋರ್ಗರೆತದ ಮೇಲಿರುತ್ತದೆ. ರಸ್ತೆಯ ಎರಡು ಬದಿಗೂ ಹಬ್ಬಿದ ಭತ್ತದ ಗದ್ದೆ, ಕಬ್ಬಿನ ತೋಟ, ತೆಂಗಿನ ಸಾಲು ಇವೆಲ್ಲ ಬಸ್ಸಿನ ಕಿಟಕಿಯಲ್ಲಿ ಕ್ಷಣಕಾಲ ಮೂಡಿ ಮರೆಯಾಗುತ್ತವೆ. ಸಂಗೀತ ಬಲ್ಲ ಹಿರಿಯರು ಮಾತ್ರ ಊರಿನ ಹೆಸರನ್ನು ಕೇಳಿ ತಲೆಯೆತ್ತುವುದುಂಟು. ವಿದ್ವಾನ್ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರರು ಆ ಹೆಸರನ್ನು ಸಂಗೀತಲೋಕಕ್ಕೆ ಕೊಂಡೊಯ್ದರು. ಹೆಸರಿನಲ್ಲಿ ಬೆಳಕಿರುವ ಈ ಊರಿನ ನೆರೆಯಲ್ಲಿಯೇ, 1902ರಲ್ಲಿ, ಕಾವೇರಿಯ ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತೆಂಬುದು ಒಂದು ಸೊಗಸಾದ ಯೋಗಾಯೋಗ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದೂ ಇದೇ ನೀರಿನಿಂದ.

ಶಿವನಸಮುದ್ರವೆಂಬ ಹೆಸರಿನಲ್ಲಿ ಸಮುದ್ರವಿದೆಯೇ ಹೊರತು ಅಲ್ಲಿರುವುದು ನದಿ. ಬೆಳಕವಾಡಿಯ ಒಂದು ಮನೆಯ ಹಿರಿಯ ದಂಪತಿಗಳು ಎಪ್ಪತ್ತು ವರ್ಷ ದಾಟಿದ ಮೇಲೂ ಅದೊಂದೇ ‘ಸಮುದ್ರ’ವನ್ನು ಕಂಡವರು. ಯಜಮಾನರು ಶಾಲೆಯ ಮೇಷ್ಟರಾಗಿದ್ದು ನಿವೃತ್ತರಾದವರು. ಊರಿಗೆಲ್ಲ ಇಂದಿಗೂ ‘ಮೇಷ್ಟ್ರು’. ಭೂಪಟದ ಮೇಲೆ ಅರಬ್ಬೀ ಸಮುದ್ರವನ್ನು ಸಾವಿರ ಸಲ ಕೋಲಿನಿಂದ ತೋರಿಸಿದ್ದರು, ಕಣ್ಣಾರೆ ಕಂಡಿರಲಿಲ್ಲ. ಬೆಂಗಳೂರಿನಲ್ಲಿರುವ ಮಗಳೂ ಅಳಿಯನೂ ಈ ಕೊರತೆಯನ್ನು ನೀಗಿಸಲು ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ವಿಹಾರನೌಕೆಯಲ್ಲಿ ಚಳಿಗಾಲದ ಪ್ರಯಾಣವೊಂದನ್ನು ಗೊತ್ತುಮಾಡಿದ್ದರು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ಸಂಚಾರ ಆರಂಭಿಸಿದಂದಿನಿಂದ ಇಂಥ ಯಾನದ ಮಾತು ನಮ್ಮ ಮಧ್ಯಮವರ್ಗದ ಮನೆಗಳ ಪಡಸಾಲೆಗೂ ಬಂದಿದೆ.

ಗೊತ್ತುಮಾಡಿದ್ದು ಕೆಳಗಿನ ಡೆಕ್ಕಿನ ಎರಡು ಒಳಕೋಣೆಗಳು. ಒಂದು ಹಿರಿಯರಿಗೆ, ಒಂದು ಮಗಳ ಸಂಸಾರಕ್ಕೆ. ನಡುವೆ ಒಂದೇ ಗೋಡೆ. ಕಿಟಕಿಯಿಲ್ಲ, ಆದ್ದರಿಂದ ಬೆಲೆಯೂ ಕಡಿಮೆ. ಹೊರಡುವುದಕ್ಕೆ ಎರಡು ವಾರವಿರುವಾಗ, ಎಲ್ಲರೂ ಊರಿನಲ್ಲಿ ಸೇರಿದ್ದ ಒಂದು ಭಾನುವಾರ, ಅಳಿಯನ ಮೊಬೈಲಿಗೆ ಸಂದೇಶ ಬಂದಿತು: ಹಿರಿಯರ ಹೆಸರಿನಲ್ಲಿರುವ ಕೋಣೆಯನ್ನು ಮೇಲಿನ ಡೆಕ್ಕಿನ ಬಾಲ್ಕನಿ ಕೋಣೆಗೆ ಏರಿಸಲಾಗುವುದು, ಹೆಚ್ಚಿನ ಹಣವಿಲ್ಲ, ಒಪ್ಪಿಗೆಯನ್ನು ನಾಳೆ ಸಂಜೆಯೊಳಗೆ ತಿಳಿಸತಕ್ಕದ್ದು.

ಮನೆಯಲ್ಲಿ ಹಬ್ಬದ ಕಳೆ ಮೂಡಿತು. “ಅತ್ತೆ, ಹಾಸಿಗೆಯಲ್ಲಿ ಕುಳಿತೇ ಸಮುದ್ರ ನೋಡಬಹುದು. ಇದಕ್ಕೆ ಯೋಚನೆಯೇ ಬೇಕಾಗಿಲ್ಲ” ಎಂದು ಅಳಿಯ ಹಿಗ್ಗಿದನು. ಅತ್ತೆ ಉತ್ತರ ಕೊಡಲಿಲ್ಲ. ಅವರ ಕಣ್ಣು ಜಗಲಿಯಲ್ಲಿ ಕುಳಿತಿದ್ದ ಮೇಷ್ಟರ ಕಡೆಗೆ ಹೊರಳಿತ್ತು.

ಪುಕ್ಕಟೆಯಾಗಿ ಬಂದದ್ದನ್ನು ಬೇಡವೆನ್ನುವುದು ಹೇಗೆ? ಆದರೆ ಹಡಗಿನ ಕಂಪನಿ ಇಂಥ ಔದಾರ್ಯವನ್ನು ತೋರುವುದಕ್ಕೂ ಲೆಕ್ಕಾಚಾರವುಂಟು. ಕಡಿಮೆ ಬೆಲೆಯ ಕೋಣೆಗಳು ಬೇಗ ತುಂಬುತ್ತವೆ; ದುಬಾರಿ ಕೋಣೆಗಳು ಖಾಲಿ ಉಳಿಯುತ್ತವೆ. ಕೆಳಗಿನವರನ್ನು ಮೇಲಕ್ಕೆ ಕಳುಹಿಸಿದರೆ ಕೆಳಗೆ ಜಾಗ ತೆರವಾಗುತ್ತದೆ, ಅದನ್ನು ಮತ್ತೊಬ್ಬರಿಗೆ ಮಾರಬಹುದು. ಕೆಲವೊಮ್ಮೆ ಉಚಿತ, ಕೆಲವೊಮ್ಮೆ ಬೆಲೆಯ ಅಂತರದಲ್ಲಿ ಒಂದು ಪಾಲು, ಕೆಲವೊಮ್ಮೆ ಹರಾಜಿನ ಹಾಗೆ ಪ್ರಯಾಣಿಕನೇ ಹೇಳಬೇಕಾದ ಮೊತ್ತ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ‘ಮೇಲೆ’ ಎಂಬ ಮಾತನ್ನು ಅವರು ಬೆಲೆಪಟ್ಟಿಯನ್ನು ನೋಡಿ ಹೇಳುತ್ತಾರೆ, ಪ್ರಯಾಣಿಕನ ಮುಖವನ್ನು ನೋಡಿ ಅಲ್ಲ. ಒಮ್ಮೆ ಒಪ್ಪಿದ ಮೇಲೆ ಹಳೆಯ ಕೋಣೆ ಹಿಂದಿರುಗಿ ಸಿಗುವುದು ಕಷ್ಟ.

ಮೊಮ್ಮಗನು ಹಡಗಿನ ನಕ್ಷೆಯನ್ನು ತೆರೆದು ಹೊಸ ಕೋಣೆಯನ್ನು ಹುಡುಕಿದನು. ಅದು ಹಡಗಿನ ಮೂತಿಯ ಬಳಿ, ಬಹಳ ಎತ್ತರದಲ್ಲಿ ಇತ್ತು. ಹಳೆಯದು ಕೆಳಗೆ, ನಟ್ಟನಡುವೆ. ಅಜ್ಜಿಗೆ ಈ ವ್ಯತ್ಯಾಸ ತಿಳಿಯಲು ವಿಜ್ಞಾನದ ಪುಸ್ತಕ ಬೇಕಾಗಲಿಲ್ಲ. ಹಿಂದಿನ ಕಾಲದ ಏತವನ್ನು ನೋಡಿದವರಿಗೆ ತುದಿಗಳು ಏರಿ ಇಳಿಯುವಾಗ ನಡುವಿನ ಕಂಬದ ಬಳಿ ಅಲುಗಾಟ ಅತಿ ಕಡಿಮೆಯೆಂಬುದು ಗೊತ್ತು. ಹಡಗೂ ಹಾಗೆಯೇ: ಅಲೆ ಬಂದಾಗ ಮೂತಿಯೂ ಬಾಲವೂ ಏರಿಳಿಯುತ್ತವೆ, ಎತ್ತರದ ಡೆಕ್ಕುಗಳು ಹೆಚ್ಚು ತೂಗುತ್ತವೆ, ಕೆಳಗಿನ ನಡುಭಾಗವೇ ಹೊಟ್ಟೆ ತೊಳಸುವವರಿಗೆ ನೆಮ್ಮದಿಯ ಜಾಗ. ಚಳಿಗಾಲದಲ್ಲಿ ಅರಬ್ಬೀ ಸಮುದ್ರ ಮಳೆಗಾಲದಷ್ಟು ಒರಟಲ್ಲವೆಂಬುದು ನಿಜ. ಆದರೂ ಕೋಣೆಯ ನೆತ್ತಿಯ ಮೇಲೆ ಊಟದ ಶಾಲೆಯಿದೆಯೇ, ಕುಣಿತದ ಮನೆಯಿದೆಯೇ, ಲಿಫ್ಟು ಎಷ್ಟು ದೂರ, ಕಿಟಕಿಗೆ ಜೀವರಕ್ಷಕ ದೋಣಿ ಅಡ್ಡವಾಗಿದೆಯೇ ಎಂದು ವಿಚಾರಿಸದೆ ‘ಹೂಂ’ ಎನ್ನುವುದು ಜಾಣತನವಲ್ಲ.

ಹಡಗಿನಲ್ಲಿ ಮೇಲ್ದರ್ಜೆಗೆ ಏರಿದ ಹಿರಿಯರೊಬ್ಬರ ಕಥೆ ಈ ಸೀಮೆಗೂ ಸಂಬಂಧಿಸಿದೆ. 1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದರು. ಮುಂದೆ ಶಿವನಸಮುದ್ರದ ವಿದ್ಯುತ್ ಯೋಜನೆಯನ್ನು ಕೈಗೆತ್ತಿಕೊಂಡ ದಿವಾನರು ಇವರೇ. ಮಹಾರಾಜ ಚಾಮರಾಜೇಂದ್ರ ಒಡೆಯರು ಸ್ವಾಮಿಗಳ ವಿದೇಶಯಾತ್ರೆಗೆ ನೆರವು ನೀಡಲು ಮುಂದಾಗಿದ್ದರು. 1893ರ ಮೇ 31ರಂದು ಸ್ವಾಮಿಗಳು ಮುಂಬಯಿಯಲ್ಲಿ ‘ಪೆನಿನ್ಸುಲರ್’ ಹಡಗನ್ನು ಹತ್ತಿದಾಗ, ಮದರಾಸಿನ ಶಿಷ್ಯರು ಕೊಡಿಸಿದ್ದ ಎರಡನೆಯ ದರ್ಜೆಯ ಟಿಕೆಟ್ಟು ಖೇತ್ರಿಯ ಅರಸನ ಕಡೆಯಿಂದ ಮೊದಲನೆಯ ದರ್ಜೆಯದಾಗಿತ್ತು. ಅಭಿಮಾನದಿಂದ ಬಂದ ಕೊಡುಗೆ; ಸ್ವಾಮಿಗಳು ಸ್ವೀಕರಿಸಿದರು. ಆದರೆ ಜಪಾನಿನಿಂದ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಪೆಸಿಫಿಕ್ ಸಾಗರವನ್ನು ದಾಟುವಾಗ ಬೆಚ್ಚನೆಯ ಬಟ್ಟೆಯಿಲ್ಲದೆ ಚಳಿಯಲ್ಲಿ ನಡುಗಬೇಕಾಯಿತು. ಉಡುಗೆಗೆ ರೇಷ್ಮೆಯೂ ಪಯಣಕ್ಕೆ ಉತ್ತಮ ದರ್ಜೆಯೂ ಒದಗಿದ್ದವು. ಒಂದು ಉಣ್ಣೆಯ ಅಂಗಿ ಯಾರಿಗೂ ನೆನಪಾಗಿರಲಿಲ್ಲ. ಮತ್ತೊಂದು ಬಗೆಯ ಆಯ್ಕೆ ಗಾಂಧೀಜಿಯವರದು: 1931ರ ಆಗಸ್ಟ್ 29ರಂದು ದುಂಡುಮೇಜಿನ ಪರಿಷತ್ತಿಗಾಗಿ ‘ರಾಜಪುತಾನ’ ಹಡಗಿನಲ್ಲಿ ಹೊರಟಾಗ ಅವರು ಎರಡನೆಯ ದರ್ಜೆಯಲ್ಲಿಯೇ ಪಯಣಿಸಿದರು. ಒಬ್ಬರು ಒಪ್ಪಿದರು, ಒಬ್ಬರು ಕೆಳಗೇ ಉಳಿದರು. ಇಬ್ಬರ ಹಿರಿಮೆಯೂ ಕೋಣೆಯಿಂದ ಹೆಚ್ಚಲಿಲ್ಲ, ಕುಂದಲಿಲ್ಲ.

ಬೆಳಕವಾಡಿಯ ಮನೆಯಲ್ಲಿ ನಿಜವಾಗಿ ಮಾತಾಗಬೇಕಾಗಿದ್ದುದು ದರ್ಜೆಯ ವಿಷಯವಲ್ಲ. ಎರಡು ವರ್ಷಗಳಿಂದ ಮೇಷ್ಟರಿಗೆ ಮರೆವು ಕವಿದಿತ್ತು. ಹಗಲು ಒಂದು ಬಗೆ. ರಾತ್ರಿ ಎರಡು ಗಂಟೆಗೆ ಎದ್ದು, “ನಾಲೆಯಲ್ಲಿ ನೀರು ಬಂದಿದೆ, ಗದ್ದೆಗೆ ತಿರುಗಿಸಬೇಕು” ಎಂದು ಬಾಗಿಲ ಅಗುಳಿಗೆ ಕೈಹಾಕುವರು. ಸರದಿಯ ನೀರಿಗಾಗಿ ರಾತ್ರಿಯೆಲ್ಲ ಬದುವಿನ ಮೇಲೆ ನಿಂತ ದಿನಗಳ ನೆನಪು ಮಾತ್ರ ಅಳಿಯದೆ ಉಳಿದಿತ್ತು. ಹೆಂಡತಿ ಕೈಹಿಡಿದು, “ನಮ್ಮ ಸರದಿ ನಾಳೆ, ಮಲಗಿ” ಎಂದರೆ ಹಿಂದಿರುಗುವರು.

ಆ ಸಂಜೆ ಎಲ್ಲರೂ ಗಗನಚುಕ್ಕಿಯನ್ನು ನೋಡಲು ಹೋದರು. ನೀರಿನ ಸದ್ದು ಕೇಳಿದೊಡನೆ ಮೇಷ್ಟರು ಕಂಬಿಯತ್ತ ಬೇಗಬೇಗನೆ ನಡೆದು, ಅದರ ಮೇಲೆ ಎದೆಯೊರಗಿಸಿ ಮುಂದಕ್ಕೆ ಬಾಗಿದರು. ಹೆಂಡತಿ ತೋಳು ಹಿಡಿದುಕೊಂಡರು. ಹಿಂದಿರುಗುವ ದಾರಿಯಲ್ಲಿ ಆಕೆ ಮಗಳಿಗೆ ಹೇಳಿದ್ದು ಇಷ್ಟೇ: “ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ಅಗುಳಿ ತಾನೇ? ಅವರೇ ತೆಗೆಯಬಹುದು.”

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಅಮ್ಮ, ಒಳಕೋಣೆಯೂ ಅಷ್ಟು ಸರಿಯಲ್ಲ. ಕಿಟಕಿಯಿಲ್ಲದೆ ಹಗಲು ರಾತ್ರಿ ಒಂದೇ ಕತ್ತಲೆ. ಅಪ್ಪನಿಗೆ ಇನ್ನೂ ದಿಕ್ಕು ತಪ್ಪಿದರೆ?” ಎಂದಳು. ಈ ಮಾತಿನಲ್ಲಿಯೂ ನಿಜವಿತ್ತು. ಮೇಲೆ ಬೆಳಕಿತ್ತು, ಅಪಾಯವಿತ್ತು. ಕೆಳಗೆ ಮಗಳ ಗೋಡೆಯಿತ್ತು, ಕತ್ತಲೆಯಿತ್ತು. ಜೊತೆಗೆ, ಮಂಡಿನೋವಿನ ಆ ತಾಯಿಗೂ ಜೀವಮಾನದಲ್ಲಿ ಒಮ್ಮೆ ಹಾಸಿಗೆಯಿಂದಲೇ ಸಮುದ್ರವನ್ನು ನೋಡುವ ಆಸೆಯಿರಲಿಲ್ಲವೆಂದು ಹೇಳುವಂತಿಲ್ಲ. ಆ ರಾತ್ರಿ ನಕ್ಷೆಯಲ್ಲಿದ್ದ ಬಾಲ್ಕನಿ ಕೋಣೆಯ ಚಿತ್ರವನ್ನು ಅವರು ಮೊಮ್ಮಗನಿಂದ ಎರಡು ಸಲ ತೆಗೆಸಿ ನೋಡಿದರು.

ಮರುದಿನ ಮಧ್ಯಾಹ್ನ ಅವರೇ ಉತ್ತರವನ್ನು ಹೇಳಿ ಬರೆಸಿದರು. ಬಾಲ್ಕನಿ ಕೋಣೆ ಬೇಡ. ನಡುಭಾಗದಲ್ಲಿ, ತೆರೆಯಲಾಗದ ಗಾಜಿನ ಕಿಟಕಿಯಿರುವ ಎರಡು ಕೋಣೆಗಳು ಅಕ್ಕಪಕ್ಕದಲ್ಲಿ ಇದ್ದರೆ, ಹೆಚ್ಚಿನ ಹಣ ಕೊಟ್ಟು ತೆಗೆದುಕೊಳ್ಳುವೆವು. ಇಲ್ಲವಾದರೆ ಮೊದಲು ಕೊಟ್ಟದ್ದೇ ಇರಲಿ. ಅಳಿಯನು ಮರುಮಾತಾಡದೆ ಕಳುಹಿಸಿದನು.

ಅಂಥ ಜೋಡಿ ಕೋಣೆ ಉಳಿದಿಲ್ಲವೆಂದು ಸಂಜೆಗೆ ಉತ್ತರ ಬಂದಿತು. ಹಳೆಯ ಕೋಣೆಗಳೇ ನಿಂತವು. ಹುಡುಗನ ಮುಖ ಬಾಡಿತು. ಅಜ್ಜಿ ಮಾತ್ರ ಮಳವಳ್ಳಿಯಿಂದ ತರಬೇಕಾದ ಸಾಮಾನಿನ ಪಟ್ಟಿಗೆ ಎರಡು ವಸ್ತುಗಳನ್ನು ಸೇರಿಸಿದರು: ರಾತ್ರಿಯೆಲ್ಲ ಉರಿಯುವ ಸಣ್ಣದೊಂದು ಬ್ಯಾಟರಿ ದೀಪ, ಮೇಷ್ಟರಿಗೆ ಒಂದು ಮಫ್ಲರು. ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಮೇಲಿನ ಡೆಕ್ಕಿಗೆ ಕರೆದೊಯ್ಯುವ ಹೊಣೆ ಮೊಮ್ಮಗನದು. ಅಲ್ಲಿ ಇಬ್ಬರ ನಡುವೆ ಕೂರಿಸಿಕೊಂಡರೆ ಆಯಿತು. ಸಮುದ್ರ ಎಲ್ಲ ದರ್ಜೆಯವರಿಗೂ ಒಂದೇ.

ಊರ ಮುಂದಿನ ಕಾವೇರಿಯ ನೀರು ಮೂಡಣ ಕಡಲನ್ನು ಸೇರುತ್ತದೆ. ಅವರು ಹೊರಟಿರುವುದು ಪಡುವಣ ಕಡಲಿಗೆ. “ಅಲ್ಲಿ ನಮ್ಮ ನಾಲೆಯ ನೀರು ಇರುತ್ತದೆಯೇ?” ಎಂದು ಮೇಷ್ಟರು ರಾತ್ರಿ ಕೇಳಿದರು. ಹೆಂಡತಿ ಹೊಸ ದೀಪವನ್ನು ಹಚ್ಚಿ ನೋಡುತ್ತಿದ್ದರು. “ನಮ್ಮ ಸರದಿ ನಾಳೆ, ಮಲಗಿ” ಎಂದರು.