ಹಾರ್ಟ್‌ಫರ್ಡಿನ ಕೋಲ್ಟ್, ಸ್ಪ್ರಿಂಗ್‌ಫೀಲ್ಡಿನ ಸ್ಮಿತ್

ಅಮೆರಿಕದ ಕನೆಕ್ಟಿಕಟ್ ನದಿಯ ಪಕ್ಕ 91ನೇ ಹೆದ್ದಾರಿಯಲ್ಲಿ ಹೋಗುವವರಿಗೆ ಹಾರ್ಟ್‌ಫರ್ಡಿನಲ್ಲಿ ನೀಲಿ ಗುಮ್ಮಟವೊಂದು ಕಾಣುತ್ತದೆ. ಮೈಮೇಲೆ ಚಿನ್ನದ ಬಣ್ಣದ ನಕ್ಷತ್ರಗಳು, ನೆತ್ತಿಯಲ್ಲಿ ಮುಂಗಾಲೆತ್ತಿ ನಿಂತ ಕುದುರೆಮರಿ. ಸ್ಯಾಮ್ಯುಯೆಲ್ ಕೋಲ್ಟ್ ಕಟ್ಟಿಸಿದ, 1864ರಲ್ಲಿ ಬೆಂಕಿಗೆ ಸಿಕ್ಕ, ಆತನ ಹೆಂಡತಿ ಎಲಿಜಬೆತ್ ಪಟ್ಟು ಹಿಡಿದು ಮತ್ತೆ ಎಬ್ಬಿಸಿದ ರಿವಾಲ್ವರ್ ಕಾರ್ಖಾನೆ ಅದು. ಈಗ ಒಳಗೆ ಬಾಡಿಗೆ ಮನೆಗಳಿವೆ. ಅಲ್ಲಿಂದ ಉತ್ತರಕ್ಕೆ 40 ಕಿಲೋಮೀಟರ್ ಹೋದರೆ ಸ್ಪ್ರಿಂಗ್‌ಫೀಲ್ಡ್, ಸ್ಮಿತ್ ಅಂಡ್ ವೆಸ್ಸನ್ ಊರು. ಒಂದೇ ಹೊಳೆಯ ದಂಡೆಯ ಈ ಎರಡು ಕಂಪನಿಗಳು ಒಂದು ಶತಮಾನಕ್ಕೂ ಮೇಲ್ಪಟ್ಟು ದಾಯಾದಿಗಳ ಹಾಗೆ ಕಾದಾಡಿದವು. ಈಗ ಆ ಜಗಳವೂ ಇಲ್ಲ, ಜಗಳಕ್ಕೆ ಕಾರಣವಾಗಿದ್ದ ಕೈಕಸುಬೂ ಇಲ್ಲ.

ನಾನು ಟೂಲ್‌ರೂಮಿನಲ್ಲಿ ಅರ ಹಿಡಿದು ಬದುಕಿದವನು. ಈ ಸೀಮೆಗೆ ಬಂದ ಮೇಲೆ ರಿವಾಲ್ವರಿನ ಗೀಳು ಹತ್ತಿದ್ದು ಬೇಟೆಯಿಂದಲ್ಲ, ಸಿನಿಮಾದಿಂದಲೂ ಅಲ್ಲ, ಫಿಟ್ಟಿಂಗಿನಿಂದ. ಕೊಲ್ಲುವ ವಸ್ತುವಿಗೆ ಮರುಗುವುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. 1963ರ ನವೆಂಬರಿನಲ್ಲಿ ಡಲ್ಲಾಸಿನಲ್ಲಿ, ಅಮೆರಿಕದ ಅಧ್ಯಕ್ಷರನ್ನು ಕೊಂದ ಆಸ್ವಾಲ್ಡ್ ಒಬ್ಬ ಪೊಲೀಸನನ್ನೂ ಕೊಂದದ್ದು ಸ್ಮಿತ್ ಅಂಡ್ ವೆಸ್ಸನ್‌ನಿಂದ. ಎರಡು ದಿನದ ನಂತರ ಜ್ಯಾಕ್ ರೂಬಿ ಅದೇ ಆಸ್ವಾಲ್ಡನನ್ನು ಕೊಂದದ್ದು ಕೋಲ್ಟ್ ಕೋಬ್ರಾದಿಂದ. ಈ ರಕ್ತವನ್ನು ಯಾವ ಪಾಲಿಶ್ಶೂ ಒರೆಸಲಾರದು. ನಾನು ಮರುಗುತ್ತಿರುವುದು ಆ ರಿವಾಲ್ವರುಗಳನ್ನು ತಯಾರಿಸಿದ ಕೈಗಳಿಗೆ.

ಜಗಳದ ಮೂಲ ಪೇಟೆಂಟು. ಸಿಲಿಂಡರಿಗೆ ಹಿಂದಿನಿಂದ ಮುಂದಕ್ಕೆ ಪೂರ್ತಿ ತೂತು ಕೊರೆದು ಲೋಹದ ತೋಟಾ ತುಂಬುವ ಉಪಾಯ ರೋಲಿನ್ ವೈಟ್ ಎಂಬವನದು. ಅವನು ಹಿಂದೆ ಕೋಲ್ಟ್ ಕಾರ್ಖಾನೆಯಲ್ಲೇ ದುಡಿದವನು. 1855ರಲ್ಲಿ ಪೇಟೆಂಟ್ ಪಡೆದ. ಅದು ಕೋಲ್ಟಿನ ಕೈಗೆ ಸೇರಲಿಲ್ಲ. ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸ್ಸನ್ ಬಂದೂಕಿಗೆ 25 ಸೆಂಟ್ ರಾಯಲ್ಟಿ ಕೊಟ್ಟು ಪಡೆದುಕೊಂಡರು. 1869ರಲ್ಲಿ ಪೇಟೆಂಟ್ ಮುಗಿಯುವ ತನಕ ಕೋಲ್ಟ್ ಕಂಪನಿ ಕೈಕಟ್ಟಿ ನೋಡಬೇಕಾಯಿತು. ಆಮೇಲೆ ಕೋಲ್ಟ್ ಸೇಡು ತೀರಿಸಿಕೊಂಡಿತು. ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುವ ಡಬಲ್ ಆಕ್ಷನ್ ರಿವಾಲ್ವರನ್ನು ಅದು 1889ರಲ್ಲೇ ತಂದಿತು, ಸ್ಮಿತ್ 1896ರಲ್ಲಿ. ಆ ವರ್ಷವೇ ನ್ಯೂಯಾರ್ಕ್ ಪೊಲೀಸರಿಗೆ ಆಗ ಅವರ ಕಮಿಷನರ್ ಆಗಿದ್ದ ಥಿಯೊಡೋರ್ ರೂಸ್ವೆಲ್ಟ್ ಕೋಲ್ಟನ್ನು ಆರಿಸಿದ. ಎರಡನೇ ಮಹಾಯುದ್ಧದವರೆಗೆ ಪೊಲೀಸರ ಸೊಂಟದಲ್ಲಿ ಕೋಲ್ಟಿನದೇ ಕಾರುಬಾರು. ಯುದ್ಧದ ನಂತರ ಸ್ಮಿತ್‌ನ ಕಾಲ. ಇಂದು ಮಾಡೆಲ್ 10 ಎನ್ನುವ, 1899ರಲ್ಲಿ ಹುಟ್ಟಿದ ಅವರ ರಿವಾಲ್ವರ್ 60 ಲಕ್ಷಕ್ಕೂ ಹೆಚ್ಚು ತಯಾರಾಗಿದೆ.

ಡಬಲ್ ಆಕ್ಷನ್ ಅಂದರೆ ಕೆಲಸ ಬಹಳ, ಸಮಯ ಕಡಿಮೆ. ಬೆರಳು ಟ್ರಿಗರನ್ನು ಎಳೆಯುವ ಒಂದೇ ಎಳೆತದಲ್ಲಿ ಹ್ಯಾಮರ್ ಹಿಂದಕ್ಕೆ ಏಳಬೇಕು, ಸಿಲಿಂಡರ್ ಆರನೇ ಒಂದು ಸುತ್ತು ತಿರುಗಬೇಕು, ತೂತು ನಳಿಗೆಯ ನೇರಕ್ಕೆ ಬಂದು ಬೀಗ ಬೀಳಬೇಕು, ಆಮೇಲೆ ಹ್ಯಾಮರ್ ಬಿಡುಗಡೆಯಾಗಬೇಕು. ಅನುಕ್ರಮ ತಪ್ಪಿದರೆ ಗುಂಡು ನಳಿಗೆಯ ಅಂಚಿಗೆ ಸವರಿಕೊಂಡು ಹೋಗುತ್ತದೆ. ಈ ಒಂದು ಲೆಕ್ಕಕ್ಕೆ ಎರಡು ಊರಿನವರು ಎರಡು ಉತ್ತರ ಕೊಟ್ಟರು.

ಕೋಲ್ಟಿನ ಸಿಲಿಂಡರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಸ್ಮಿತ್‌ನದು ಎದುರು ದಿಕ್ಕಿಗೆ. ಸಿಲಿಂಡರ್ ತೆರೆಯುವುದು ಎಡಕ್ಕೆ. ಹಾಗಾಗಿ ನಮ್ಮದು ತಿರುಗುತ್ತಾ ಚೌಕಟ್ಟಿನ ಒಳಕ್ಕೇ ಒತ್ತಿಕೊಳ್ಳುತ್ತದೆ, ಅವರದು ಹೊರಕ್ಕೆ ತಳ್ಳಿಕೊಳ್ಳುತ್ತದೆ ಎಂದು ಕೋಲ್ಟಿನವರು ಬೀಗುತ್ತಿದ್ದರು. ಸ್ಮಿತ್‌ನವರು ಮರುಮಾತಾಡದೆ, ಖಾಲಿ ತೋಟಾಗಳನ್ನು ಹೊರದಬ್ಬುವ ಎಜೆಕ್ಟರ್ ಕಡ್ಡಿಯ ಮುಂದಿನ ತುದಿಗೂ ಒಂದು ಬೀಗ ಕೊಟ್ಟು ಸುಮ್ಮನಾದರು. ತೆರೆಯುವ ಗುಂಡಿಯಲ್ಲೂ ಜಗಳವೇ: ಕೋಲ್ಟಿನದನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್‌ನದನ್ನು ಮುಂದಕ್ಕೆ ನೂಕಬೇಕು. ಒಂದಕ್ಕೆ ಪಳಗಿದ ಹೆಬ್ಬೆರಳು ಇನ್ನೊಂದರಲ್ಲಿ ಪೆಚ್ಚಾಗುತ್ತದೆ.

ನಿಜವಾದ ವ್ಯತ್ಯಾಸ ಒಳಗಿದೆ. ಹಳೆಯ ಕೋಲ್ಟಿನ ಪಕ್ಕದ ತಗಡು ಬಿಚ್ಚಿದರೆ ವಿ ಆಕಾರದ ಒಂದೇ ದಪ್ಪ ಸ್ಪ್ರಿಂಗು. ಅದರ ಒಂದು ಕವಲು ಹ್ಯಾಮರನ್ನು ಹೊಡೆಸುತ್ತದೆ, ಇನ್ನೊಂದು ಕವಲು ಟ್ರಿಗರನ್ನು ವಾಪಸು ತರುತ್ತದೆ. ಸ್ಮಿತ್‌ನಲ್ಲಿ ಹ್ಯಾಮರಿಗೆ ಚಪ್ಪಟೆ ಪಟ್ಟಿಯ ಸ್ಪ್ರಿಂಗು, ಟ್ರಿಗರಿಗೆ ಸುರುಳಿಯದು. ಕೋಲ್ಟಿನ ಟ್ರಿಗರ್ ಎಳೆಯುತ್ತಾ ಹೋದಂತೆ ಕೊನೆಗೆ ಭಾರವಾಗುತ್ತದೆ. ಬಲ್ಲವರು ಇದನ್ನು ಸ್ಟ್ಯಾಕ್ ಆಗುವುದು ಅನ್ನುತ್ತಾರೆ. ಕೆಲವರಿಗೆ ಅದೇ ಇಷ್ಟ, ಹೊಡೆತ ಯಾವಾಗ ಬೀಳುತ್ತದೆಂದು ಬೆರಳಿಗೆ ಮುಂಚೆಯೇ ಗೊತ್ತಾಗುತ್ತದೆಂದು. ಸ್ಮಿತ್‌ನದು ಶುರುವಿನಿಂದ ಕೊನೆಯ ತನಕ ಒಂದೇ ಹದ.

ಕೋಲ್ಟಿನ ಪೈಥಾನ್ ಎಂಬ ರಿವಾಲ್ವರನ್ನು ಖಾಲಿ ಮಾಡಿ, ಟ್ರಿಗರನ್ನು ಪೂರ್ತಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಸಿಲಿಂಡರನ್ನು ಅಲ್ಲಾಡಿಸಿ ನೋಡಬೇಕು. ಅಲುಗುವುದಿಲ್ಲ. ಸಿಲಿಂಡರನ್ನು ತಿರುಗಿಸುವ ಪುಟ್ಟ ಉಕ್ಕಿನ ತುಂಡು, ಹ್ಯಾಂಡ್ ಅನ್ನುತ್ತಾರೆ, ಅದು ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಬ್ಯಾಂಕಿನ ತಿಜೋರಿಯ ಬೀಗ ಎಂದು ಕೋಲ್ಟ್ ಅಭಿಮಾನಿಗಳು ಹೊಗಳುವುದು ಇದನ್ನೇ. ಸ್ಮಿತ್‌ನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಆದರೆ ತಿಜೋರಿಗೆ ಬೆಲೆಯೂ ಉಂಟು. ಪ್ರತಿ ಹೊಡೆತದ ಪೆಟ್ಟನ್ನೂ ಆ ಹ್ಯಾಂಡ್ ತಿನ್ನಬೇಕು. ಸವೆದಂತೆ ಟೈಮಿಂಗ್ ತಪ್ಪುತ್ತದೆ. ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನವಾಗಿ ಎತ್ತಿದರೆ ಬೀಗ ಬೀಳುವ ಸದ್ದು ಬರುವ ಮುಂಚೆಯೇ ಹ್ಯಾಮರ್ ನಿಂತುಬಿಡುತ್ತದೆ. ಆಗ ಅದನ್ನು ಸರಿಮಾಡಲು ಬಲ್ಲ ಕೈ ಬೇಕು: ಹ್ಯಾಂಡನ್ನು ಸ್ವಲ್ಪ ಹಿಗ್ಗಿಸಿ, ಅರದಲ್ಲಿ ಒಂದೆಳೆ ಸವರಿ, ಹಾಕಿ ನೋಡಿ, ಮತ್ತೆ ತೆಗೆದು, ಸಾಣೆಕಲ್ಲಿನಲ್ಲಿ ಇನ್ನೊಂದೆಳೆ. ಹೆಚ್ಚಾದರೆ ತುಂಡು ಕಸಕ್ಕೆ. ಈ ಕೆಲಸ ಬಲ್ಲವರು ಇಂದು ಬಹಳ ವಿರಳ. ಇದ್ದವರಿಗೂ ವಯಸ್ಸಾಗಿದೆ, ಅವರ ಬಳಿ ಕೆಲಸ ಕಲಿಯಲು ಬಂದು ಕೂರುವವರಿಲ್ಲ.

ಪೈಥಾನ್ ಬಂದದ್ದು 1955ರಲ್ಲಿ, 125 ಡಾಲರಿಗೆ. ನಳಿಗೆಯ ಮೇಲೆ ಗಾಳಿಕಿಂಡಿಗಳ ಪಟ್ಟಿ, ಕೆಳಗೆ ಮೂತಿಯ ತನಕ ತುಂಬು ಭಾರ. ಅದರ ಬಣ್ಣಕ್ಕೆ ರಾಯಲ್ ಬ್ಲೂ ಎಂದು ಹೆಸರು, ಆದರೆ ಗುಟ್ಟು ಬಣ್ಣದಲ್ಲಿಲ್ಲ, ಅದಕ್ಕೂ ಮುಂಚಿನ ಪಾಲಿಶ್ಶಿನಲ್ಲಿದೆ. ತಿರುಗುವ ಚಕ್ರಕ್ಕೆ ಉಕ್ಕನ್ನು ಕೈಯಲ್ಲಿ ಹಿಡಿದು ಒತ್ತುವಾಗ ಅಂಚು ಮಾಸಬಾರದು, ಸ್ಕ್ರೂ ತೂತಿನ ಬಾಯಿ ತಟ್ಟೆಯಾಗಬಾರದು, ಚಪ್ಪಟೆ ಜಾಗ ಅಲೆಯಾಗಬಾರದು. ಒಳ್ಳೆಯ ಪೈಥಾನನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕಿಟಕಿಯ ಸರಳುಗಳು ಅದರಲ್ಲಿ ಸೊಟ್ಟಗಾಗದೆ ಕಾಣುತ್ತವೆ. ಅದೇ ವರ್ಷ ಸ್ಮಿತ್ ಕಾಂಬ್ಯಾಟ್ ಮ್ಯಾಗ್ನಮ್ ತಂದಿತು, ಮುಂದೆ ಮಾಡೆಲ್ 19 ಎನಿಸಿಕೊಂಡದ್ದು. ಪೈಥಾನಿಗಿಂತ ಹಗುರ, ದಿನವಿಡೀ ಸೊಂಟದಲ್ಲಿ ಹೊರಲು ಲಾಯಕ್ಕು. ನೋಡುವವರು ಪೈಥಾನ್ ನೋಡಿದರು, ಡ್ಯೂಟಿಗೆ ಹೋಗುವವರಲ್ಲಿ ಹೆಚ್ಚಿನವರು ಸ್ಮಿತ್ ಕಟ್ಟಿಕೊಂಡರು.

ಇಳಿಗಾಲಕ್ಕೆ ಒಂದೇ ಕಾರಣವಲ್ಲ. 1970ರ ದಶಕದಲ್ಲಿ ರೂಗರ್ ಕಂಪನಿ ಎರಕದ ಚೌಕಟ್ಟಿನ, ಕೈಫಿಟ್ಟಿಂಗ್ ಹೆಚ್ಚು ಬೇಡದ ರಿವಾಲ್ವರುಗಳನ್ನು ಅಗ್ಗಕ್ಕೆ ಕೊಟ್ಟಿತು. 1980ರ ಆಸುಪಾಸಿಗೆ ಸ್ಮಿತ್ ತನ್ನ ನಳಿಗೆಗೆ ಅಡ್ಡಪಿನ್ನು ಹೊಡೆಯುವುದನ್ನೂ, ತೋಟಾದ ಅಂಚು ಕೂರಲು ಸಿಲಿಂಡರಿನಲ್ಲಿ ಗೂಡು ಕೊರೆಯುವುದನ್ನೂ ಕೈಬಿಟ್ಟಿತು. ಕೋಲ್ಟಿನಲ್ಲಿ 1986ರಿಂದ 1990ರವರೆಗೆ ಮುಷ್ಕರ, 1992ರಲ್ಲಿ ದಿವಾಳಿ. ಅಷ್ಟರಲ್ಲಿ ಗ್ಲಾಕ್ ಪಿಸ್ತೂಲು ಬಂದಿತ್ತು. ಆರರ ಬದಲು ಹದಿನೇಳು ಗುಂಡು, ಪ್ಲಾಸ್ಟಿಕ್ಕಿನ ಮೈ, ಫಿಟ್ಟರ್ ಮುಟ್ಟಬೇಕಾದ್ದೇ ಇಲ್ಲ. ನ್ಯೂಯಾರ್ಕ್ ಪೊಲೀಸರು 1993ರಲ್ಲಿ ಅರೆಸ್ವಯಂಚಾಲಿತ ಪಿಸ್ತೂಲಿಗೆ ಒಪ್ಪಿದರು. ಹಟ ಹಿಡಿದು ರಿವಾಲ್ವರ್ ಉಳಿಸಿಕೊಂಡಿದ್ದ ಹಿರಿಯರೂ 2018ರಲ್ಲಿ ಅದನ್ನು ಒಪ್ಪಿಸಬೇಕಾಯಿತು. ಸುರಕ್ಷತೆಯ ದೃಷ್ಟಿಯಿಂದ 2001ರ ನಂತರದ ಸ್ಮಿತ್‌ಗಳಲ್ಲಿ ಎಡಬದಿಗೆ ಬೀಗದ ಕೈ ಹಾಕುವ ತೂತು ಬಂತು. ಒಳ್ಳೆಯದಕ್ಕೇ ಇರಬಹುದು, ಆದರೆ ಆ ತೂತು ನೋಡಿದರೆ ನನಗೆ ಮೈ ಉರಿಯುತ್ತದೆ.

ಈ ಕಣಿವೆಯ ಕಸುಬು ಬಂದೂಕಿಗಷ್ಟೇ ಸೀಮಿತವಾಗಿರಲಿಲ್ಲ. ಫ್ರಾನ್ಸಿಸ್ ಪ್ರ್ಯಾಟ್ ಮತ್ತು ಏಮಸ್ ವಿಟ್ನಿ ಇಬ್ಬರೂ ಕೋಲ್ಟ್ ಕಾರ್ಖಾನೆಯಲ್ಲಿ ಪಳಗಿ 1860ರಲ್ಲಿ ಹಾರ್ಟ್‌ಫರ್ಡಿನಲ್ಲಿ ಯಂತ್ರೋಪಕರಣದ ಅಂಗಡಿ ತೆರೆದವರು. ಅದರ ಹೆಸರು, ಹಣ, ಜಾಗ ಪಡೆದು 1925ರಲ್ಲಿ ವಿಮಾನದ ಎಂಜಿನ್ ಕಂಪನಿ ಹುಟ್ಟಿತು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳಲ್ಲಿ ಇದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನುಗಳೇ. ಭಾರತದ ನಮ್ಮ ರಿವಾಲ್ವರಿಗೆ ಮಾತ್ರ ಈ ಕಣಿವೆಯ ನಂಟಿಲ್ಲ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್ ಇಂಗ್ಲೆಂಡಿನ ವೆಬ್ಲಿ ಕಂಪನಿಯ ಕುಲದ್ದು, ನಡು ಮಡಚಿ ತೆರೆಯುವ ಜಾತಿ.

2020ರಲ್ಲಿ ಕೋಲ್ಟ್ ಹೊಸ ಪೈಥಾನ್ ತಂದಿತು. ಹಳೆಯದಕ್ಕಿಂತ 14 ಬಿಡಿಭಾಗ ಕಡಿಮೆ, ಸ್ಟೇನ್‌ಲೆಸ್ ಉಕ್ಕು, ಕಂಪ್ಯೂಟರ್ ಯಂತ್ರದ ಕೆತ್ತನೆ. ಗಟ್ಟಿಮುಟ್ಟಾಗಿದೆ, ಟ್ರಿಗರ್ ಕೊನೆಗೆ ಮೊದಲಿನಷ್ಟು ಭಾರವಾಗುವುದಿಲ್ಲ. ಅಂದರೆ ಸ್ಮಿತ್‌ನ ಹಾಗೇ ಆಗಿದೆ! ಮರುವರ್ಷ ಕೋಲ್ಟನ್ನು ಚೆಕ್ ಕಂಪನಿಯೊಂದು ಕೊಂಡಿತು. ಸ್ಮಿತ್ ಅಂಡ್ ವೆಸ್ಸನ್ ತನ್ನ ಮುಖ್ಯ ಕಚೇರಿಯನ್ನು 2023ರಲ್ಲಿ ಟೆನೆಸ್ಸಿಗೆ ಒಯ್ದಿತು. ರಿವಾಲ್ವರಿನ ಕೆಲಸ ಮಾತ್ರ ಸ್ಪ್ರಿಂಗ್‌ಫೀಲ್ಡಿನಲ್ಲಿ ಉಳಿಯಿತು.

ಎರಡರಲ್ಲಿ ಯಾವುದು ಮೇಲು ಎಂದು ಇಲ್ಲಿನ ಹಳಬರು ಇವತ್ತಿಗೂ ಕೇಳುತ್ತಾರೆ. ಕೈಕೆಲಸದ ಅಂದಕ್ಕೆ 1960ರ ದಶಕದ ಪೈಥಾನಿಗೆ ಸಮ ಇಲ್ಲ. ಆದರೆ ಯಂತ್ರವಾಗಿ ನೋಡಿದರೆ ಸ್ಮಿತ್ ಮೇಲು: ಸವೆತವನ್ನು ಸಹಿಸುತ್ತದೆ, ಸಾಧಾರಣ ಫಿಟ್ಟರನೂ ಅದನ್ನು ಸರಿಮಾಡಬಲ್ಲ. ನನ್ನ ಓಟು ಸ್ಮಿತ್‌ಗೆ, ಅದೂ ಪಿನ್ನು ಹೊಡೆದ ಹಳೆಯ ಮಾಡೆಲ್ 19ಕ್ಕೆ.