ಸಿಲಿಕಾನ್ ಓಯಸಿಸ್‌ನಿಂದ ಊರಿಗೆ: ಮಗುವಿನ ಸೀಟೂ ಜೊತೆಗಿರಲಿ

ಸಿಲಿಕಾನ್ ಓಯಸಿಸ್‌ನ ಮನೆಯಿಂದ ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ ಸೇರುವಾಗ ನಿಮ್ಮ ಮಗು ತನ್ನ ಸೀಟಿನಲ್ಲೇ ಕೂತಿರುತ್ತದೆ. ಇಲ್ಲಿ 2017ರಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅದು ಕಡ್ಡಾಯ. ತಪ್ಪಿದರೆ 400 ದಿರ್ಹಮ್ ದಂಡ. ಸುಮಾರು ನಾಲ್ಕು ಗಂಟೆ ಹಾರಿ ಬೆಂಗಳೂರಿನಲ್ಲಿ ಇಳಿದರೆ ತಾತ ಕೈ ಚಾಚುತ್ತಾರೆ: “ಕೊಡಮ್ಮಾ, ನನ್ನ ತೊಡೆ ಮೇಲೆ ಕೂರಲಿ.” ಆ ಪ್ರೀತಿಗೆ ಬೇಡ ಎನ್ನುವುದು ಕಷ್ಟ. ಆದರೆ ಕಾರು ಡಿಕ್ಕಿಯಾದರೆ ಯಾವ ತೋಳೂ ಮಗುವನ್ನು ಹಿಡಿದಿಡಲಾರದು.

ಪ್ರಯಾಣಕ್ಕೆಂದು ಹಗುರ ಸೀಟು ಕೊಳ್ಳುವ ಮೊದಲು ಬೆಲ್ಟಿನ ಬಗ್ಗೆ ಯೋಚಿಸಿ. ಬೂಸ್ಟರ್‌ಗೆ ಭುಜದ ಬೆಲ್ಟೂ ಬೇಕು. ವಿಮಾನದಲ್ಲಿರುವುದು ಸೊಂಟದ ಬೆಲ್ಟ್ ಮಾತ್ರ, ಹಾಗಾಗಿ ಅಲ್ಲಿ ಅದು ನಡೆಯುವುದಿಲ್ಲ. ಕೇರ್ಸ್ ಎಂಬ ಪಟ್ಟಿ ಕೈಚೀಲದಲ್ಲೇ ಹಿಡಿಯುತ್ತದೆ. 10ರಿಂದ 20 ಕಿಲೋ ತೂಕದ, ಒಂದು ಮೀಟರ್ ಎತ್ತರದವರೆಗಿನ ಮಕ್ಕಳಿಗೆ ಸರಿ. ಆದರೆ ಅದು ವಿಮಾನಕ್ಕೆ ಮಾತ್ರ, ಕಾರಿಗಲ್ಲ. ಎರಡಕ್ಕೂ ಒಂದೇ ಸಾಕೆನ್ನುವವರು ‘ವಿಮಾನಕ್ಕೂ ಒಪ್ಪಿಗೆ’ ಎಂಬ ಚೀಟಿಯಿರುವ ಕಾರ್ ಸೀಟು ಕೊಳ್ಳಿ. ಮಗುವಿಗೆ ಪ್ರತ್ಯೇಕ ಆಸನ ಬುಕ್ ಮಾಡಿ, ಏರ್‌ಲೈನ್ಸ್‌ಗೆ ಮೊದಲೇ ತಿಳಿಸಿ.

ಊರಿನ ಬಾಡಿಗೆ ಕಾರಿಗೆ ಫೋನ್ ಮಾಡಿದಾಗ ಎಸಿ ಇದೆಯಾ ಎನ್ನುವ ಮೊದಲೇ ಕೇಳಿ: “ಹಿಂದಿನ ಸೀಟಿನ ಬೆಲ್ಟ್ ಕೆಲಸ ಮಾಡುತ್ತಾ? ಬಕಲ್ ಸೀಟ್ ಕವರಿನಡಿ ಹೂತುಹೋಗಿಲ್ಲ ತಾನೆ?” ಬೆಲ್ಟಿಲ್ಲದೆ ನಿಮ್ಮ ದುಬಾರಿ ಸೀಟೂ ಬರೀ ಕುರ್ಚಿ.

ಇನ್ನು ತಾತ? ಅವರನ್ನು ಮಗುವಿನ ಪಕ್ಕದಲ್ಲೇ ಕೂರಿಸಿ, ಬಕಲ್ ಹಾಕುವ ಕೆಲಸ ಅವರಿಗೇ ಒಪ್ಪಿಸಿ. “ತಾತ, ಟಿಕ್ ಅಂತಾ?” ಎಂದು ಮಗು ಕನ್ನಡದಲ್ಲೇ ಕೇಳಲಿ.